ಜೋಡಿ ಕಟ್ಟುವುದು

ಥ್ರೋ ಯಾರದ್ದು ಅನ್ನೋ ವಿಚಾರಕ್ಕೆ ನಮ್ಮ ಹುಡುಗ ರೆಫರಿ ಜೊತೆ ಜಗಳಕ್ಕೆ ನಿಂತ. 71ನೇ ನಿಮಿಷ. ಹಳದಿ ಕಾರ್ಡ್ ಬಂತು. ಮೊದಲರ್ಧದಲ್ಲೇ ಒಂದು ತಿಂದಿದ್ದ, ಎರಡೂ ಸೇರಿ ಕೆಂಪಾಯಿತು. ಉಳಿದ ಹತ್ತು ಜನ ಓಡಿ ಓಡಿ ಸುಸ್ತಾಗಿ ಕೊನೆಗೆ ಎರಡು ಗೋಲು ಬಿಟ್ಟುಕೊಟ್ಟರು. ರಾತ್ರಿ ಹನ್ನೆರಡೂವರೆ. ಬೆಳಿಗ್ಗೆ ಐದಕ್ಕೆ ಎದ್ದು ಫಸ್ಟ್ ಶಿಫ್ಟಿಗೆ ಹೋಗಬೇಕಾದವನು ನಾನು, ಮೈಸೂರಿನ ವಿಜಯನಗರದ ಮನೆಯ ಹಾಲಿನಲ್ಲಿ ಲ್ಯಾಪ್‌ಟಾಪ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನೀರು ಕುಡಿಯೋಕೆ ಎದ್ದು ಬಂದ ಹೆಂಡತಿ ಒಂದು ನಿಮಿಷ ಹಿಂದೆ ನಿಂತು ನೋಡಿ, "ಇದ್ರಲ್ಲಿ ಫುಟ್‌ಬಾಲ್ ಎಲ್ರೀ ಇದೆ, ಬರೀ ಅಂಕಿ ತಾನೇ" ಅಂದು ಹೋದಳು.

ಫುಟ್‌ಬಾಲ್ ಮ್ಯಾನೇಜರ್ ಅನ್ನೋ ಕಂಪ್ಯೂಟರ್ ಆಟ ಆಡಿದವರಿಗೆ ಗೊತ್ತು, ಅವಳು ಹೇಳಿದ್ದು ಸುಳ್ಳಲ್ಲ. ನಾವು ಚೆಂಡು ಒದೆಯುವುದಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಮಾರಬೇಕು, ಯಾರಿಗೆ ಬೈಯಬೇಕು, ಇಷ್ಟೇ ನಮ್ಮ ಕೆಲಸ. 2025ರ ಆವೃತ್ತಿಯನ್ನು ಆ ವರ್ಷದ ಫೆಬ್ರವರಿಯಲ್ಲಿ ಕಂಪನಿಯವರೇ ರದ್ದು ಮಾಡಿದ್ದರಿಂದ ನಾನು 2024ರದ್ದನ್ನೇ ಜಗ್ಗಿಕೊಂಡು ಬಂದೆ. ಇಂಗ್ಲೆಂಡಿನ ನಾಲ್ಕನೇ ಹಂತದ ಲೀಗಿನ ಅಕ್ರಿಂಗ್ಟನ್ ಸ್ಟ್ಯಾನ್ಲಿ ನನ್ನ ತಂಡ. ಇಟ್ಟಿಗೆಗೆ ಹೆಸರಾದ ಪುಟ್ಟ ಊರು. ಅಲ್ಲಿ ದುಡ್ಡಿಲ್ಲ. ದುಡ್ಡಿಲ್ಲದ ತಂಡಕ್ಕೆ ಇರೋದು ಒಂದೇ ದಾರಿ, ಹುಡುಗರನ್ನು ಬೆಳೆಸೋದು. ಪ್ರತಿ ವರ್ಷ ಮಾರ್ಚ್ ಸುಮಾರಿಗೆ ಅಕಾಡೆಮಿಯಿಂದ ಹದಿನೈದು ಹದಿನಾರರ ಒಂದು ಹಿಂಡು ಬರುತ್ತದೆ. ಎಲ್ಲ ಕಂಪ್ಯೂಟರ್ ಹುಟ್ಟಿಸಿದ ಹೆಸರುಗಳು, ಹುಟ್ಟಿಸಿದ ಮುಖಗಳು. ಅದರಲ್ಲಿ ಒಬ್ಬ ಕುಳ್ಳ ಬಂದ. ಎಡಗಾಲಿನವನು. ಎರಡು ವರ್ಷ ಅವನನ್ನು ಮೊಟ್ಟೆಯ ಹಾಗೆ ಕಾಪಾಡಿದೆ.

ಆ ರಾತ್ರಿ ಅವನ ಪ್ರೊಫೈಲ್ ತೆಗೆದು ನೋಡಿದರೆ ಅಭ್ಯಾಸಗಳ ಪಟ್ಟಿಯಲ್ಲಿ ಹೊಸದೊಂದು ಸೇರಿತ್ತು: ರೆಫರಿಗಳ ಜೊತೆ ವಾದ ಮಾಡುತ್ತಾನೆ. ಬಂದಾಗ ಇರಲಿಲ್ಲ. ಎಲ್ಲಿಂದ ಬಂತು ಅಂತ ಹುಡುಕೋದು ಕಷ್ಟವೇನಲ್ಲ. ಹಿರಿಯರ ಪಕ್ಕ ಕಿರಿಯರನ್ನು ಕಲಿಯಲು ಬಿಡೋದಕ್ಕೆ ಆಟದಲ್ಲಿ ಮೆಂಟರಿಂಗ್ ಅನ್ನುತ್ತಾರೆ; ಅವನ ಮೆಂಟರಿಂಗ್ ಗುಂಪಿನಲ್ಲಿದ್ದ ನಮ್ಮ ಕ್ಯಾಪ್ಟನ್, ಮೂವತ್ತೆರಡರ ಮಿಡ್‌ಫೀಲ್ಡರ್, ಅವನ ಪಟ್ಟಿಯಲ್ಲಿ ಅದೇ ಸಾಲು ಮೊದಲಿನಿಂದಲೂ ಇತ್ತು. ಆ ಗುಂಪು ಮಾಡಿದವನು ನಾನೇ. ಕ್ಯಾಪ್ಟನ್ ಪಾಸ್ ಕೊಡೋದು ನೋಡಿ ಮಾಡಿದ್ದೆ.

ಆಟದ ವಿಚಾರ ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮೂವರ ಗುಂಪು

ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಟ್ಯೂಟರಿಂಗ್ ಅನ್ನುತ್ತಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ, ಅಷ್ಟೇ. ದಸರಾ ಕುಸ್ತಿಗೆ ಜೋಡಿ ಕಟ್ಟುತ್ತಾರಲ್ಲ, ನನಗೆ ಅದೇ ನೆನಪಾಗುತ್ತಿತ್ತು. ವ್ಯತ್ಯಾಸ ಏನಂದರೆ ಅಲ್ಲಿ ಸಮಬಲದವರನ್ನು ಹುಡುಕಿ ಕಟ್ಟುತ್ತಾರೆ, ಇಲ್ಲಿ ಬೇಕಂತಲೇ ಎತ್ತು ಕರು ಜೋಡಿ. 2018ರ ನವೆಂಬರಿನಲ್ಲಿ ಬಂದ 2019ರ ಆವೃತ್ತಿಯಲ್ಲಿ ಅದನ್ನು ತೆಗೆದು ಗುಂಪು ಮಾಡಿದರು. ಕನಿಷ್ಠ ಮೂರು ಜನ ಇರಬೇಕು. ಒಂದು ಗುಂಪು ಅಂತ ಹೆಸರು ಬರೆದು ಬಿಟ್ಟರೆ ಆಯಿತು, ಉಳಿದದ್ದು ತಾನಾಗಿಯೇ ನಡೆಯುತ್ತದೆ. ಯಾರು ಯಾರಿಗೆ ಏನು ಹೇಳಿಕೊಟ್ಟರು ಅಂತ ಆಟ ತೋರಿಸುವುದೇ ಇಲ್ಲ. ಪಕ್ಕಪಕ್ಕ ಇದ್ದರು, ವಾರಗಳು ಕಳೆದವು, ಒಬ್ಬನದ್ದು ಇನ್ನೊಬ್ಬನಿಗೆ ಹತ್ತಿತು. ಇದನ್ನು ಬರೆದ ಪ್ರೋಗ್ರಾಮರ್ ಯಾರೋ, ಅವನು ಮನುಷ್ಯರನ್ನು ಸರಿಯಾಗಿ ನೋಡಿದ್ದಾನೆ ಅನಿಸುತ್ತದೆ.

ಪಾಸ್, ಓಟ, ಹೆಡ್ಡಿಂಗ್ ಇವಕ್ಕೆಲ್ಲ 1ರಿಂದ 20ರವರೆಗೆ ಕಣ್ಣಿಗೆ ಕಾಣುವ ಅಂಕಿಗಳಿವೆ. ಅವುಗಳ ಹಿಂದೆ ಕಾಣದ ಅಂಕಿಗಳು. ಕೆಲಸದಲ್ಲಿ ಶಿಸ್ತು ಎಷ್ಟು, ಆಸೆ ಎಷ್ಟು, ನಿಯತ್ತು ಎಷ್ಟು, ಒತ್ತಡ ಬಿದ್ದಾಗ ತಡೆದುಕೊಳ್ಳುತ್ತಾನಾ, ಸಿಟ್ಟು ಮೂಗಿನ ತುದಿಯಲ್ಲಾ. ಇವನ್ನೆಲ್ಲ ಆಟ ನಮಗೆ ಕೊಡುವುದಿಲ್ಲ. ಒಂದು ಚೀಟಿ ಮಾತ್ರ ಅಂಟಿಸಿರುತ್ತದೆ: ಪ್ರೊಫೆಷನಲ್, ಮಾಡೆಲ್ ಸಿಟಿಜನ್, ಬ್ಯಾಲೆನ್ಸ್ಡ್, ಸ್ಲ್ಯಾಕ್. ಮೆಂಟರಿಂಗ್‌ನಲ್ಲಿ ದಾಟುವುದು ಮುಖ್ಯವಾಗಿ ಈ ಕಾಣದ ಅಂಕಿಗಳು, ಜೊತೆಗೆ ಆಟದ ಕೆಲವು ಅಭ್ಯಾಸಗಳು. ಪಾಸ್ ದಾಟುವುದಿಲ್ಲ. ನಾನು ಕ್ಯಾಪ್ಟನ್ನನ ಪಾಸ್ ನೋಡಿ ಹುಡುಗನನ್ನು ಅವನ ಪಕ್ಕ ಕೂರಿಸಿದ್ದೆ, ಹುಡುಗನಿಗೆ ಅವನ ಬಾಯಿ ಬಂತು.

ಯಾರ ಪ್ರಭಾವ ಜಾಸ್ತಿ ಅನ್ನುವುದಕ್ಕೂ ಲೆಕ್ಕ ಇದೆ. ತಂಡದಲ್ಲಿ ಯಾರ ಮಾತು ನಡೆಯುತ್ತದೋ ಅವನದ್ದು ಜಾಸ್ತಿ ಹತ್ತುತ್ತದೆ. ಕ್ಲಬ್ಬಿನಲ್ಲಿ ಹಳಬನಾಗಿರಬೇಕು. ಇಬ್ಬರೂ ಒಂದೇ ಗೆಳೆಯರ ಬಳಗದವರಾದರೆ ಇನ್ನೂ ಬೇಗ. ವಯಸ್ಸು ಚಿಕ್ಕದಾದಷ್ಟೂ ಸ್ವಭಾವ ಮೆತ್ತಗಿರುತ್ತದೆ, ಇಪ್ಪತ್ತರ ನಡುವಿಗೆ ಬರುವಷ್ಟರಲ್ಲಿ ಗಟ್ಟಿಯಾಗುತ್ತಾ ಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋದನ್ನ ಲಂಡನ್ನಿನಲ್ಲಿ ಕೂತು ಕೋಡ್ ಬರೆದಿಟ್ಟಿದ್ದಾರೆ, ಅಲ್ವಾ. ಒಳ್ಳೆಯದು ಮಾತ್ರ ದಾಟಲಿ ಅಂತ ಒತ್ತುವ ಬಟನ್ ಮಾತ್ರ ಎಲ್ಲೂ ಇಲ್ಲ. ಸ್ಲ್ಯಾಕ್ ಆದವನು ಟೀಮ್ ಲೀಡರ್ ಆಗಿಬಿಟ್ಟರೆ ಅವನ ಸೋಮಾರಿತನಕ್ಕೂ ಅಷ್ಟೇ ತೂಕ.

ಗರಡಿ

"ಅವರ ಗರಡಿಯಲ್ಲಿ ಪಳಗಿದವನು" ಅಂತ ನಾವು ಸಂಗೀತಗಾರರಿಗೂ ಹೇಳುತ್ತೇವೆ, ರಾಜಕಾರಣಿಗಳಿಗೂ ಹೇಳುತ್ತೇವೆ. ನಾನು ಅಕ್ಷರಶಃ ಗರಡಿಗೆ ಹೋದವನು. ಆರೇ ತಿಂಗಳು. 1998ರಲ್ಲಿ, ಹನ್ನೊಂದು ವರ್ಷ ನನಗೆ. ಕೆ.ಆರ್. ಮೊಹಲ್ಲಾದ ತಾತನ ಮನೆಯಿಂದ ನಾಲ್ಕು ಬೀದಿ ದಾಟಿದರೆ ಸಿಗುವ ಗರಡಿ. ಊಟ ಸೇರದ ಕಡ್ಡಿ ಹುಡುಗ ಅಂತ ಸೋದರಮಾವ ಕರೆದುಕೊಂಡು ಹೋಗಿ ಬಿಟ್ಟಿದ್ದರು. ಒಳಗೆ ತಲೆ ಬಗ್ಗಿಸಿಕೊಂಡೇ ಹೋಗಬೇಕು, ಬಾಗಿಲು ಅಷ್ಟು ಕೆಳಗೆ. ಒಳಗೆ ಕತ್ತಲು, ತಂಪು. ಕೆಮ್ಮಣ್ಣು, ಎಣ್ಣೆ, ಅರಿಶಿನ, ಬೆವರು ಎಲ್ಲ ಸೇರಿದ ಒಂದು ವಾಸನೆ. ಈಗಲೂ ಮೊದಲ ಮಳೆಗೆ ಮಣ್ಣು ಘಮ್ ಅಂದರೆ ಜನ ಕವಿತೆ ಬರೆಯುತ್ತಾರೆ, ನನಗೆ ತೊಡೆ ನೋಯುತ್ತದೆ.

ಅಲ್ಲೊಬ್ಬ ಪೈಲ್ವಾನ್ ಇದ್ದರು. ದಸರಾ ಕುಸ್ತಿಯಲ್ಲಿ ಗೆದ್ದವರು. ದೊಡ್ಡಕೆರೆ ಮೈದಾನದಲ್ಲಿ ಅವರ ಕುಸ್ತಿ ನೋಡಿದ್ದೆ. ಅವರ ಕೈಕೆಳಗೇ ಸೇರಬೇಕು ಅಂತ ನನಗಾಸೆ. ಉಸ್ತಾದರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮೂಲೆಯಲ್ಲಿ ಗುದ್ದಲಿ ಹಿಡಿದು ಮಣ್ಣು ಅಗೆಯುತ್ತಿದ್ದ ಒಬ್ಬರನ್ನು ಕರೆದರು. "ನೋಡಪ್ಪಾ, ಈ ಹುಡುಗ ನಿನ್ ಜೊತೆ ಇರ್ಲಿ." ಅವರು ದೇವರಾಜ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವರು. ನಲವತ್ತರ ಮೇಲೆ ವಯಸ್ಸು. ಹೆಸರು ಮಾಡಿದವರಲ್ಲ. ದೊಡ್ಡ ಕುಸ್ತಿ ಗೆದ್ದದ್ದನ್ನು ಯಾರೂ ನೋಡಿರಲಿಲ್ಲ. ನನಗೆ ಮುಖ ಸಪ್ಪಗಾಯಿತು. ಮಾವನಿಗೂ ಸ್ವಲ್ಪ ಬೇಜಾರಾಗಿ, "ಉಸ್ತಾದ್ರೇ, ಪೈಲ್ವಾನ್ರ ಹತ್ರ ಹಾಕಿದ್ರೆ..." ಅಂತ ರಾಗ ಎಳೆದರು. ಉಸ್ತಾದರು, "ಅವ್ನು ಮನಸ್ಸು ಬಂದ್ರೆ ಬರ್ತಾನೆ. ಇವ್ನು ದಿನಾ ಬರ್ತಾನೆ" ಅಂದರು. ಮುಗಿಯಿತು.

ಇವರನ್ನು ನಾವೆಲ್ಲ ದೊಡ್ಡಣ್ಣ ಅನ್ನುತ್ತಿದ್ದೆವು. ದೊಡ್ಡಣ್ಣ ನನಗೆ ಪಟ್ಟು ಹೇಳಿಕೊಟ್ಟದ್ದು ಕಮ್ಮಿ. ಮಾತೂ ಕಮ್ಮಿ. ಬೆಳಿಗ್ಗೆ ಐದಕ್ಕೆ ಬರುತ್ತಿದ್ದರು. ಚಪ್ಪಲಿ ಬಿಟ್ಟು, ಬಗ್ಗಿ, ಎರಡನ್ನೂ ಗೋಡೆಗೆ ಸಮ ಮಾಡಿ ಜೋಡಿಸುತ್ತಿದ್ದರು. ಹೊಸಿಲು ಮುಟ್ಟಿ, ಚಿಟಿಕೆ ಮಣ್ಣು ಹಣೆಗೆ. ಆಮೇಲೆ ಗುದ್ದಲಿ. ಮಣ್ಣು ಅಗೆದು ಹೆಂಟೆ ಒಡೆದು ಮೆತ್ತಗೆ ಮಾಡೋದಕ್ಕೇ ಅರ್ಧ ಗಂಟೆ. ಆಮೇಲೆ ಬಸ್ಕಿ. ಆ ಆರು ತಿಂಗಳಲ್ಲಿ ಕಲಿತ ಒಂದು ಪಟ್ಟೂ ನನಗೀಗ ನೆನಪಿಲ್ಲ. ಚಪ್ಪಲಿ ಮಾತ್ರ ಈಗಲೂ ಜೋಡಿಸಿಯೇ ಬಿಡುತ್ತೇನೆ. ಮದುವೆ ಛತ್ರದಲ್ಲೂ ಬಗ್ಗಿ ಸಮ ಮಾಡುತ್ತೇನೆ, ಇನ್ನೂರು ಚಪ್ಪಲಿಗಳ ನಡುವೆ. ಮಕ್ಕಳು ನಗುತ್ತವೆ.

ದೊಡ್ಡಣ್ಣನಿಗೆ ಇನ್ನೊಂದು ಅಭ್ಯಾಸ ಇತ್ತು, ನಶ್ಯ. ಕಸರತ್ತು ಮುಗಿದ ಮೇಲೆ ಕಟ್ಟೆ ಮೇಲೆ ಕೂತು, ಸೊಂಟದಿಂದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಚಿಟಿಕೆ ಹಿಡಿದು, ಕಣ್ಣು ಮುಚ್ಚಿ ಏರಿಸಿದರೆ ಜಗತ್ತೇ ಗೆದ್ದ ಹಾಗೆ ಮುಖ. ಮೂರನೇ ತಿಂಗಳಿಗೆ ನಾನು ಅಮ್ಮನ ಪೌಡರ್ ಡಬ್ಬಿಯಿಂದ ಚಿಟಿಕೆ ತೆಗೆದು ಹಾಗೇ ಏರಿಸಿ, ಸೀನಿ ಸೀನಿ, ಕಣ್ಣು ಮೂಗಲ್ಲೆಲ್ಲ ನೀರು ಬಂದು ಸಿಕ್ಕಿಬಿದ್ದೆ. ಅಮ್ಮ ಸೌಟು ತಿರುಗಿಸಿ ಹೊಡೆದರು. "ಗರಡಿಗ್ ಹೋಗಿ ಇದಾ ಕಲ್ತಿದ್ದು?" ದೊಡ್ಡಣ್ಣ ನಶ್ಯ ಏರಿಸು ಅಂತ ನನಗೆ ಯಾವತ್ತೂ ಹೇಳಿರಲಿಲ್ಲ. ಚಪ್ಪಲಿ ಜೋಡಿಸು ಅಂತಲೂ ಹೇಳಿರಲಿಲ್ಲ.

ಕಾಲರ್ ಎತ್ತಿದವನು

ಫುಟ್‌ಬಾಲ್ ಗೊತ್ತಿದ್ದವರು ಇಲ್ಲಿ ಎರಿಕ್ ಕ್ಯಾಂಟೊನಾ ಹೆಸರು ತೆಗೆಯದೇ ಇರಲಾರರು. ಅಂಗಿಯ ಕಾಲರ್ ಎತ್ತಿಕೊಂಡೇ ಆಡುತ್ತಿದ್ದ ಫ್ರೆಂಚ್ ಆಟಗಾರ, 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಸೇರಿದ. ಅಲ್ಲಿ ಅಭ್ಯಾಸ ಮುಗಿದ ಮೇಲೆ ಎಲ್ಲ ಸ್ನಾನಕ್ಕೆ ಹೋದರೆ ಅವನು ಮಾತ್ರ ಮೈದಾನದಲ್ಲೇ ಉಳಿದು ಚೆಂಡು ಒದೆಯುತ್ತಿದ್ದ. ಅದನ್ನು ನೋಡಿ ಹುಡುಗರೂ ಉಳಿಯತೊಡಗಿದರು, ಆಮೇಲೆ ಅದು ಆ ತಂಡದ ಪದ್ಧತಿಯೇ ಆಯಿತು ಅಂತ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಹೇಳಿಕೊಂಡಿದ್ದಾರೆ. ಬೆಕಮ್, ಸ್ಕೋಲ್ಸ್, ಗ್ಯಾರಿ ನೆವಿಲ್ ಎಲ್ಲ ಆಗ ಅಲ್ಲಿನ ಹುಡುಗರು. ಅದೇ ಕ್ಯಾಂಟೊನಾ 1995ರ ಜನವರಿ 25ರಂದು, ಸೆಲ್‌ಹರ್ಸ್ಟ್ ಪಾರ್ಕಿನಲ್ಲಿ, ಕೆಂಪು ಕಾರ್ಡ್ ತಿಂದು ಹೊರಗೆ ನಡೆಯುತ್ತಾ, ಬೈದ ಪ್ರೇಕ್ಷಕನ ಎದೆಗೆ ಹಾರಿ ಒದ್ದ. ಆ ಸೆಪ್ಟೆಂಬರ್ ಕೊನೆವರೆಗೂ ಆಡದ ಹಾಗೆ ನಿಷೇಧ ಬಿತ್ತು.

ನಮ್ಮ ಆಟದ ಭಾಷೆಯಲ್ಲಿ ಹೇಳುವುದಾದರೆ ಶಿಸ್ತು 20, ಸಿಟ್ಟು ತಡೆಯುವುದು 2. ಇಂಥವನನ್ನು ಹದಿನೇಳರ ಹುಡುಗರ ಗುಂಪಿಗೆ ಹಾಕುತ್ತೀರಾ? ನಾನು ಹಾಕುತ್ತಿರಲಿಲ್ಲ. ಆದರೆ ಅಲ್ಲಿ ಹುಡುಗರಿಗೆ ಹತ್ತಿದ್ದು ಅಭ್ಯಾಸ ಮುಗಿದ ಮೇಲೂ ಮೈದಾನದಲ್ಲಿ ಉಳಿಯೋದು, ಹಾರಿ ಒದೆಯುವುದಲ್ಲ. (ಕಾಲರ್ ಎತ್ತೋದು ಹತ್ತಿತು. ಕಾನ್ವೆಂಟ್ ಯೂನಿಫಾರ್ಮಿನ ಕಾಲರ್ ಎತ್ತಿಕೊಂಡು ಪಿ.ಟಿ. ಮೇಷ್ಟ್ರ ಕೈಯಲ್ಲಿ ಒದೆ ತಿಂದವರು ಮೈಸೂರಲ್ಲೂ ಇದ್ದಾರೆ.) ಹಾಗಾಗಿ ಕೆಟ್ಟದ್ದು ಬೇಗ ಹತ್ತುತ್ತದೆ, ಒಳ್ಳೆಯದು ನಿಧಾನ ಅಂತ ಹಿರಿಯರು ಹೇಳುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ನನಗೆ ಅನಿಸೋದು ಇಷ್ಟು: ದಿನಾ ಮಾಡಿದ್ದು ಹತ್ತುತ್ತದೆ. ಒದ್ದದ್ದು ಒಂದು ಸಲ. ಮೈದಾನದಲ್ಲಿ ಉಳಿದದ್ದು ದಿನಾ. ನಶ್ಯವೂ ದಿನಾ, ಚಪ್ಪಲಿಯೂ ದಿನಾ. ನಮ್ಮ ಅಕ್ರಿಂಗ್ಟನ್ ಕ್ಯಾಪ್ಟನ್ ವಾರಕ್ಕೊಮ್ಮೆ ರೆಫರಿ ಮೇಲೆ ಹರಿಹಾಯುತ್ತಿದ್ದ, ನಲವತ್ತಾರು ಪಂದ್ಯದ ಸೀಸನ್ನಿನಲ್ಲಿ.

ಹನ್ನೊಂದೂ ಇಪ್ಪತ್ತು

ಈಗ ನನ್ನ ವಿಚಾರ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷೀನ್ ನೋಡಿಕೊಳ್ಳುತ್ತೇನೆ. ಹದಿನಾಲ್ಕು ವರ್ಷ ಆಯಿತು. ಟರ್ನಿಂಗ್ ಸೆಕ್ಷನ್, ಲೋಹವನ್ನು ತಿರುಗಿಸಿ ಕೆತ್ತುವ ಕೆಲಸ. ಕೆಲಸ ಚೆನ್ನಾಗಿ ಬರುತ್ತದೆ, ಸಂಕೋಚ ಇಲ್ಲದೆ ಹೇಳುತ್ತೇನೆ. ಹೊಸ ಜಾಬ್ ಬಂದರೆ ಸೆಟ್ಟಿಂಗಿಗೆ ನನ್ನನ್ನೇ ಕರೆಯುತ್ತಾರೆ. ಹೋದ ಜೂನ್‌ನಲ್ಲಿ ಐಟಿಐ ಮುಗಿಸಿದ ಹುಡುಗನೊಬ್ಬ ಅಪ್ರೆಂಟಿಸ್ ಆಗಿ ಬಂದ. ಪಾಂಡವಪುರದ ಕಡೆಯವನು. ಅಪ್ಪ ಕಬ್ಬು ಬೆಳೆಯುತ್ತಾರೆ. ಸೂಪರ್‌ವೈಸರ್ ಅವನನ್ನು ನನ್ನ ಪಕ್ಕದ ಮಷೀನಿಗೆ ಹಾಕಿ, "ನಿಮ್ ಹತ್ರ ಇದ್ರೆ ಕೆಲ್ಸ ಕಲೀತಾನೆ" ಅಂದರು. ನನಗೂ ಒಳಗೊಳಗೇ ಹೆಮ್ಮೆ.

ಚೆನ್ನಾಗಿಯೇ ಕಲಿಸಿದೆ. ಲೋಹ ಕೆತ್ತುವ ತುದಿ, ಅಂದರೆ ಇನ್ಸರ್ಟ್ ಬದಲಾಯಿಸುವುದು, ಅದು ಸವೆದಷ್ಟನ್ನು ಸರಿದೂಗಿಸಲು ಆಫ್‌ಸೆಟ್ ಕೊಡುವುದು, ಚಿಪ್ ಬಣ್ಣ ನೋಡಿ ಸ್ಪೀಡ್ ಜಾಸ್ತಿಯಾಯಿತು ಅಂತ ತಿಳಿಯುವುದು. ದಪ್ಪ ಅಳೆಯುವ ಮೈಕ್ರೋಮೀಟರನ್ನು ಹೆಬ್ಬೆರಳು ತೋರುಬೆರಳಲ್ಲಿ ಹಗುರಾಗಿ ಹಿಡಿಯುವುದು, ಕೊನೆಯಲ್ಲಿ ರ‍್ಯಾಚೆಟ್ ಮಾತ್ರ ತಿರುಗಿಸುವುದು. ಹುಡುಗ ಚುರುಕು. ಎರಡು ತಿಂಗಳಲ್ಲಿ ಮಷೀನು ಅವನಿಗೆ ಬಿಟ್ಟು ನಾನು ಟೀ ಕುಡಿದು ಬರುವಷ್ಟಾದ.

ನಮ್ಮಲ್ಲಿ ಗಂಟೆಗೊಮ್ಮೆ ಐದು ಪೀಸ್ ಅಳೆದು ಶೀಟಿನಲ್ಲಿ ರೀಡಿಂಗ್ ಬರೆಯಬೇಕು. ಫಸ್ಟ್ ಶಿಫ್ಟ್ ಆರರಿಂದ ಎರಡು, ಅಂದರೆ ಎಂಟು ಕಾಲಮ್. ಆ ದಿನದ ಪೀಸ್ 25 ಮಿ.ಮೀ. ವ್ಯಾಸದ್ದು, ಮೇಲೆ ಕೆಳಗೆ 20 ಮೈಕ್ರಾನ್ ತನಕ ನಡೆಯುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇನ್ಸರ್ಟ್ ಸವೆಯುತ್ತಾ ಹೋದಂತೆ ಹೊರ ವ್ಯಾಸ ನಿಧಾನಕ್ಕೆ ದಪ್ಪ ಆಗುತ್ತದೆ. ಅದಕ್ಕೇ ಗಂಟೆಗೊಮ್ಮೆ ಅಳೆಯೋದು. ಕ್ವಾಲಿಟಿಯವರು ಬಂದು ಅವನ ಟ್ರೇಯಿಂದ ಒಂದು ಪೀಸ್ ತೆಗೆದರು. 25.03. ಇನ್ನೊಂದು ತೆಗೆದರು. 25.03. ಆಮೇಲೆ ಶೀಟ್ ಎತ್ತಿ ನೋಡಿದರು. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ಶೀಟಿನಲ್ಲಿ ಒಂದು ಗಂಟೆಯ ಕಾಲಮ್‌ವರೆಗೂ ರೀಡಿಂಗ್ ತುಂಬಿತ್ತು. ನೀಟಾದ ಅಕ್ಷರ. 24.99, 25.00, 24.99, 25.00, 25.00.

ಸೂಪರ್‌ವೈಸರ್ ಬಂದರು. ಸದ್ದು ಮಾಡಲಿಲ್ಲ, ಅವರ ಸ್ವಭಾವ ಅಲ್ಲ. "ಏನಪ್ಪಾ ಇದು, ಒಂದ್ ಗಂಟೆ ಆಗ್ಬಿಡ್ತಾ?" ಅಂತ ಕೇಳಿದರು. ಹುಡುಗ ಬಾಯಿ ಬಿಡಲಿಲ್ಲ. ನೀವು ಹೇಗೆ ಮಾಡ್ತೀರೋ ಹಾಗೇ ಮಾಡಿದೆ ಅಂತ ನನ್ನ ಕಡೆ ಕೈ ತೋರಿಸಲೂ ಇಲ್ಲ. ಒಂದೇ ಒಂದು ಸಲ ಅವನ ಕಣ್ಣು ನನ್ನ ಮಷೀನಿನ ಮೇಲೆ ಕ್ಲಿಪ್ಪಿಗೆ ಹಾಕಿದ್ದ ನನ್ನ ಶೀಟಿನ ಕಡೆ ಹೋಗಿ ಬಂತು. ನನ್ನದು ಎರಡು ಗಂಟೆವರೆಗೂ ತುಂಬಿತ್ತು.

ನನ್ನ ಪೀಸ್‌ಗಳು ಸರಿಯಾಗಿಯೇ ಇದ್ದವು. ಹದಿನಾಲ್ಕು ವರ್ಷದ ಕಿವಿ. ಇನ್ಸರ್ಟ್ ಸವೆದರೆ ಮಷೀನಿನ ಸದ್ದಿನಲ್ಲೇ ಗೊತ್ತಾಗುತ್ತದೆ, ಆಗ ಅಳೆದು ಆಫ್‌ಸೆಟ್ ಕೊಡುತ್ತೇನೆ. ಶೀಟ್ ನನಗೆ ಬರೀ ಕಾಗದ, ಬೆಳಿಗ್ಗೆ ಟೀ ಕುಡಿಯುತ್ತಾ ಒಂದೇ ಸಲಕ್ಕೆ ತುಂಬಿಬಿಡುತ್ತಿದ್ದೆ. ಆ ಕಿವಿ ಹುಡುಗನಿಗೆ ದಾಟಿರಲಿಲ್ಲ. ಎರಡು ತಿಂಗಳಲ್ಲಿ ದಾಟೋದಲ್ಲ ಅದು. ದಾಟಿದ್ದು ಟೀ ಮತ್ತು ಶೀಟ್. ಮೈಕ್ರೋಮೀಟರ್ ಹಿಡಿಯೋದನ್ನ ಎಷ್ಟು ಸಲ ತೋರಿಸಿದ್ದೆ. ಇದನ್ನು ಒಂದು ಸಲವೂ ತೋರಿಸಿರಲಿಲ್ಲ.

ಹೇಳಿದೆ. ಆಗಲೇ ಅಲ್ಲ, ಅದು ನನ್ನ ಹೇಡಿತನ. ಊಟದ ಹೊತ್ತಿನಲ್ಲಿ ಸೂಪರ್‌ವೈಸರ್ ಹತ್ತಿರ ಹೋಗಿ ನನ್ನ ಶೀಟ್ ಕೊಟ್ಟೆ. ಅವರು ನೋಡಿ, ಮಡಚಿ, ಜೇಬಿಗಿಟ್ಟುಕೊಂಡು, "ನಂಗೆ ಗೊತ್ತಿಲ್ದೇ ಇರೋದಾ" ಅಂದರು. ಆ ಮಾತು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಗೊತ್ತಿದ್ದೂ ಹುಡುಗನನ್ನು ನನ್ನ ಪಕ್ಕ ನಿಲ್ಲಿಸಿದ್ದರು. ನನ್ನ ಸೆಟ್ಟಿಂಗ್ ನೋಡಿ. ನಾನು ಕ್ಯಾಪ್ಟನ್ನನ ಪಾಸ್ ನೋಡಿದ ಹಾಗೆ. ಓವರ್‌ಸೈಜ್ ಆಗಿದ್ದರಿಂದ ಪೀಸ್‌ಗಳು ಸ್ಕ್ರ್ಯಾಪ್ ಆಗಲಿಲ್ಲ, ರೀವರ್ಕ್ ಮಾಡಿಸಿದರು. ಹುಡುಗ, ನಾನು ಇಬ್ಬರೂ ಒಂದೂವರೆ ಗಂಟೆ ಜಾಸ್ತಿ ನಿಂತು ಮುಗಿಸಿದೆವು. ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಹೊರಡುವಾಗ, "ಬಸ್ ಸಿಗುತ್ತಾ?" ಅಂದೆ. "ಸಿಗುತ್ತೆ ಅಣ್ಣ" ಅಂದ.

ಕ್ಯಾಪ್ಟನ್ನನನ್ನು ಆ ಸೀಸನ್ ಮುಗಿಯುತ್ತಿದ್ದಂತೆ ಮಾರಿಬಿಟ್ಟೆ. ಗುಂಪಿಗೆ ಒಬ್ಬ ಮೂವತ್ಮೂರರ ಗೋಲ್‌ಕೀಪರನ್ನು ಪುಕ್ಕಟೆ ತಂದು ಹಾಕಿದೆ. ಪಂದ್ಯ ಆಡಿಸಲು ಅಲ್ಲ, ಅವನ ಚೀಟಿಯಲ್ಲಿ ಪ್ರೊಫೆಷನಲ್ ಅಂತ ಇತ್ತು, ಅದಕ್ಕೇ. ಕುಳ್ಳ ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತದೆ, ರೆಫರಿ ಚಟ ಮಾತ್ರ ಪಟ್ಟಿಯಲ್ಲಿ ಹಾಗೇ ಇದೆ. ಗೇಮ್‌ನಲ್ಲಿ ಇಷ್ಟು ಸುಲಭ, ಒಬ್ಬನನ್ನು ಗುಂಪಿನಿಂದ ತೆಗೆಯೋಕೆ ಎರಡು ಕ್ಲಿಕ್. ನನ್ನನ್ನು ಗುಂಪಿನಿಂದ ತೆಗೆದದ್ದೂ ಹೆಚ್ಚುಕಮ್ಮಿ ಅಷ್ಟೇ ಸುಲಭದಲ್ಲಿ ಆಯಿತು. ಮುಂದಿನ ವಾರದ ಶಿಫ್ಟ್ ಚಾರ್ಟ್ ಹಾಕಿದಾಗ ಹುಡುಗನ ಹೆಸರು ಸೆಕೆಂಡ್ ಶಿಫ್ಟಿನಲ್ಲಿ ಇನ್ನೊಬ್ಬರ ಕೆಳಗಿತ್ತು. ಯಾರೂ ಏನೂ ಹೇಳಲಿಲ್ಲ.

ನಾನೀಗ ಫೋನಿನಲ್ಲಿ ಗಂಟೆಗೊಂದು ಅಲಾರಾಂ ಇಟ್ಟುಕೊಂಡಿದ್ದೇನೆ. ಆಚೀಚೆ ಮಷೀನಿನವರು, "ಏನ್ ಗುರು, ಮಾತ್ರೆ ಟೈಮಾ?" ಅಂತ ರೇಗಿಸುತ್ತಾರೆ. ಹೋದ ಗುರುವಾರ ಓವರ್‌ಟೈಮಿಗೆ ಅಂತ ಉಳಿದಿದ್ದೆ. ಸಂಜೆ ನಾಲ್ಕೂ ಹತ್ತು. ಅವನ ಸೆಕ್ಷನ್ ದಾಟಿ ಸ್ಟೋರ್ಸಿಗೆ ಹೋಗುತ್ತಿದ್ದೆ. ಹುಡುಗ ಬೆನ್ನು ಹಾಕಿ ನಿಂತು ಪೀಸ್ ಅಳೆಯುತ್ತಿದ್ದ. ಅಳೆಯುವ ಮೊದಲು ಉಫ್ ಅಂತ ಊದಿ, ಎಡ ತೋಳಿಗೆ ಒರೆಸಿದ. ಅದು ನನ್ನ ಅಭ್ಯಾಸ. ನನಗೆ ಬಂದಿದ್ದು ನನಗೆ ಕೆಲಸ ಕಲಿಸಿದವರಿಂದ, ಅವರು ರಿಟೈರ್ ಆಗಿ ಆರು ವರ್ಷ ಆಯಿತು. ಶೀಟ್ ಪಕ್ಕದಲ್ಲೇ ಕ್ಲಿಪ್ಪಿನಲ್ಲಿತ್ತು. ನಾಲ್ಕು ಗಂಟೆಯ ಕಾಲಮ್ ತುಂಬಿತ್ತು. ಐದರದ್ದು ಅವನ ಮೊಣಕೈ ಮರೆಯಲ್ಲಿ ಕಾಣಲಿಲ್ಲ. ನಾನು ಬಗ್ಗಿ ನೋಡೋಕೆ ಹೋಗಲಿಲ್ಲ, ಸ್ಟೋರ್ಸ್ ಮುಚ್ಚುವ ಹೊತ್ತಾಗಿತ್ತು.